ವಾದಿ

ವಾದಿ ಎಂದರೆ ಇಲ್ಲಿ ಒಣಹಳ್ಳ,
ನಮ್ಮೂರ ಕೋರ್ಟಿನಲ್ಲಿ ದೂರು ಕೊಟ್ಟವ.

ಕಲ್ಬಾದ ಗುಡ್ಡ ಬಿಟ್ಟು ಅದು ಇಳಿದು ಬಂದ ರಾತ್ರಿ
ಬೇಲಿಯೊಳಗೆ, ಏಳನೇ ಗೋದಾಮಿನ ಗೋಡೆಯ ಮೇಲೆ
ನನ್ನಂಗಿಯ ಮೂರನೇ ಗುಂಡಿಯ ಎತ್ತರಕ್ಕೆ
ಕೆಸರಿನ ಗೆರೆ ಎಳೆದು ಹೋಯಿತು.

ಒಳಗೇನಿದೆ, ಕೇಳಬಾರದು.
ಬಾಗಿಲಿಗೆ ಹಳದಿ ಹಲಗೆ, ಮೂರೆಸಳ ಕರಿಹೂವು.
ಪಂಪಿನ ಇದಿನಬ್ಬ ಹೇಳಿದ:
ಮೂರರಲ್ಲಿ ಎರಡು ಹೋದ ವರ್ಷವೇ ಕೆಟ್ಟಿದ್ದವು,
ಬರೆದುಕೊಟ್ಟಿದ್ದೆ.
ಬರೆದದ್ದು ಎಲ್ಲಿ?
ಅವನು ಸಮುದ್ರದ ಕಡೆ ನೋಡಿದ.

ಬೆಳಿಗ್ಗೆ ಎರಡು ಡಬ್ಬ ಬಿಳಿ ಪೇಂಟು ಬಂತು.
ಕಾಗದ ಆಗಲೇ ಟೈಪಾಗಿತ್ತು:
‘ನೀರು ಒಳಗೆ ಬಂದಿಲ್ಲ.’
ಮಧ್ಯಾಹ್ನ ತಪಾಸಣೆಯವರು ಬರುತ್ತಾರಂತೆ.

ಒಳಗೆ ಬಾರದ ಆ ನೀರು
ಹೊರಗೆ ಹರಿದು, ನಮ್ಮ ಕ್ಯಾಂಪಿನ ನಲ್ಲಿ ದಾಟಿ
ಮೀನು ಮಾರ್ಕೆಟ್ಟಿನ ಮೆಟ್ಟಿಲು ತೊಳೆದಿದೆ.
ಬೂತಾಯಿ ಆರಿಸುವ ಹೆಂಗಸಿಗೆ
ಯಾರೂ ಏನೂ ಹೇಳಿಲ್ಲ.

ಬಳಿದೆ. ಹೊಟ್ಟೆಪಾಡು. ಎರಡು ಕೋಟು.
ಒದ್ದೆ ಗೋಡೆ ಮೊದಲು ಒಣಗಬೇಕು,
ಆಮೇಲೆ ಪ್ರೈಮರು; ಇಲ್ಲದಿದ್ದರೆ ತಿಂಗಳೊಳಗೆ
ಬಣ್ಣ ಉಬ್ಬಿ, ಹಕ್ಕಳೆಯಾಗಿ ಉದುರಿ,
ಗೆರೆ ಇದ್ದಲ್ಲೇ ಏಳುತ್ತದೆ.

ಪ್ರೈಮರು ಯಾರೂ ತಂದಿರಲಿಲ್ಲ.
ನಾನೂ ನೆನಪಿಸಲಿಲ್ಲ.