ನೆನೆಯಲು ಬಿಟ್ಟದ್ದು

ಗಿಣಿಗೇರಿಯಲ್ಲಿ ಪುಷ್ಯದ ಚಳಿ.
ಟ್ಯಾಂಕರಿನ ಹೊಟ್ಟೆಯಲ್ಲಿ ಫರ್ನೇಸ್ ಎಣ್ಣೆ
ಜೋನಿಬೆಲ್ಲದಂತೆ ಕೂತಿದೆ, ಕರೆದರೆ ಬಾರದು.
ಇಲ್ಲಿ ಬೀಡಿ ಹಚ್ಚುವಂತಿಲ್ಲ. ಡ್ರೈವರ್
ಹಾಗೇ ಕಚ್ಚಿಕೊಂಡು ಹಾಲ್ಟಿಂಗ್ ರೊಕ್ಕ ಎಣಿಸುತ್ತಾನೆ.

ಉಗಿ ನೇರ ನುಗ್ಗಿಸಿದರೆ ಅರ್ಧ ತಾಸು.
ಎಣ್ಣೆ ಬರುತ್ತದೆ, ಅದರೊಳಗೆ ನೀರೂ ಬರುತ್ತದೆ,
ವಾರವಿಡೀ ಬರ್ನರ್ ಕೆಮ್ಮುತ್ತದೆ.
ಸುರುಳಿ ಪೈಪಿನಲ್ಲಿ ಹರಿಸಿದರೆ ನಾಲ್ಕು ತಾಸು;
ಉಗಿ ಎಣ್ಣೆಯನ್ನು ಮುಟ್ಟುವುದೇ ಇಲ್ಲ,
ಗೋಡೆಯಾಚೆ ನಿಂತು ಬೆಚ್ಚಗೆ ಮಾಡುತ್ತದೆ.
ಸುರುಳಿಗೇ ಸಹಿ ಹಾಕಿದೆ.

"ಇದೇನ್ ಮಹಾ ಮೇಡಂ" ಅಂದ ರಾಜಾಬಕ್ಷಿ,
ಹನ್ನೊಂದು ವರ್ಷ ಒಮಾನಿನ ಮರಳಲ್ಲಿ ಬಾಯ್ಲರ್ ಕಾದವನು.
"ಅಲ್ಲಿ ಎಣ್ಣಿ ಭೂಮಿ ಹೊಟ್ಟ್ಯಾಗ. ಡಾಂಬರಿದ್ದಂಗ.
ಒಂದು ಬಾವ್ಯಾಗ ಉಗಿ ಒತ್ತಿ ಇನ್ನೊಂದಕ್ಕ ದಬ್ಬತಾರ.
ಖರೆ, ಉಗಿ ಅಂದ್ರ ಕಳ್ಳ;
ಸಡ್ಲ ಕಂಡಲ್ಲಿ ಹಾದಿ ಮಾಡ್ಕೊಂಡು, ಎಣ್ಣಿ ಹಿಂದ ಬಿಟ್ಟು
ತಾನೊಬ್ಬನ ಆಚಿ ಬಾವ್ಯಾಗ ಎದ್ದು ನಿಂತಿರತಾನ.
ಮತ್ತೊಂದ್ಕಡಿ ಅಡ್ಡಡ್ಡ ಎರಡು ಪೈಪು,
ಮ್ಯಾಲಿಂದು ಬೆವರಸ್ತೈತಿ, ಕೆಳಗಿಂದು ಬೊಗಸಿ ಒಡ್ಡತೈತಿ.
ಅದು ನೀರು ಭಾಳ ಕುಡೀತೈತಿ.
ನನಗ ಸೇರಿದ್ದು ಬ್ಯಾರೇನ ಐತ್ರಿ:
ಅದ ಬಾವಿಗೆ ಉಗಿ ಕೊಟ್ಟು, ಬಾಯಿ ಮುಚ್ಚಿ,
ಹದಿನೈದು ದಿನ ನೆನಿಯಾಕ ಬಿಡೂದು.
ಆಮ್ಯಾಲ ತಗದ್ರ ತಾನ ಬರ್ತೈತಿ.
ಮೊದಲ್ನೇ ಸಲ ಚಲೋ ಬರ್ತೈತಿ. ಬರಬರತಾ ಕಡಿಮಿ."

ಹತ್ತು ಗಂಟೆಗೆ ವಿಚಾರಣೆ.
ಯಮನೂರಪ್ಪನ ಬಲಗೈಗೆ ಮೊಣಕೈತನಕ ಬ್ಯಾಂಡೇಜು.
ಸೇಫ್ಟಿ ಆಫೀಸರ್ ಪ್ರಶ್ನೆಯ ಹಿಂದೆ ಪ್ರಶ್ನೆ ನುಗ್ಗಿಸಿದರು.
ಬಂದದ್ದೆಲ್ಲ ನೀರು:
"ನಂದ ತಪ್ಪರೀ. ಕಾಲು ಜಾರಿತ್ರಿ. ಹಂಗ ಬರಕೊಳ್ರಿ."

ರಾಜಾಬಕ್ಷಿ ಏನೂ ಕೇಳಲಿಲ್ಲ.
ಕ್ಯಾಂಟೀನಿನಿಂದ ಚಹಾ ತಂದು, ಬಸಿಗೆ ಹುಯ್ದು,
ಅವನ ಎಡಗೈಗೆ ಕೊಟ್ಟು
ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಂತ.
ರೋಲಿಂಗ್ ಮಿಲ್ಲು ಒಂದು ಕೆಂಪು ಬಿಲ್ಲೆಟ್ ನುಂಗಿ ಉಗುಳಿತು.
ಇನ್ನೊಂದು.
ಇನ್ನೂ ಒಂದು.
ಬಸಿ ಕೆಳಗಿಟ್ಟು ಯಮನೂರಪ್ಪ
ಆಫೀಸರಿಗಲ್ಲ, ಆ ಬಸಿಗೇ ಹೇಳಿದ:
"ಗ್ಯಾಸ್ಕೆಟ್ ಬೇಕಂತ ಮೂರು ಸಲ ಚೀಟಿ ಕೊಟ್ಟಿದ್ದೆ."

ಯಾರಿಗೆ ಅಂತ ಹೇಳಲಿಲ್ಲ.

ನನ್ನ ಟೇಬಲ್ಲಿನ ಎರಡನೇ ಡ್ರಾಯರು.
ಲಾಗ್‌ಬುಕ್ಕಿನ ಕೆಳಗೆ ಮೂರು ಹಳದಿ ಚೀಟಿ,
ಬಲಕ್ಕೆ ವಾಲಿದ ಅವನ ಅಕ್ಷರ.
ಇಪ್ಪತ್ತೆರಡು ದಿನ ನಾನು ನೆನೆಯಲೇ ಇಲ್ಲ;
ಒಳಗೆ ಅವು ನೆನೆಯುತ್ತಿದ್ದವು.

ಹೊರಗೆ ಟ್ಯಾಂಕರಿನ ಬಾಯಿಂದ ಎಣ್ಣೆ ಶುರುವಾಗಿದೆ,
ದಪ್ಪ ದಾರದಂತೆ, ತಡೆದು ತಡೆದು.
ಡ್ರೈವರ್ ಎದ್ದು ನಿಂತಿದ್ದಾನೆ.
ರಾಜಾಬಕ್ಷಿ ನನ್ನ ಕಡೆ ನೋಡುತ್ತಿಲ್ಲ.
ನನ್ನ ಮುಂದೆಯೂ ಒಂದು ಬಸಿ ಇಟ್ಟು
ಸುಮ್ಮನೆ ಕುಂತಿದ್ದಾನೆ.