ಪ್ರಾಂಪ್ಟರ್ ಬೀರಣ್ಣ ಹೇಳಿದ್ದು

ಚಿಮಣಿ ದೀಪ, ಮೊಣಕಾಲ ಮೇಲೆ ಮಾತಿನ ಪುಸ್ತಕ,
ವಿಂಗಿನ ಹಿಂದೆ ಸೊಳ್ಳೆಗಳಿಗೆ ರಕ್ತ ಕೊಟ್ಟುಕೊಂಡು
ಇಪ್ಪತ್ತೆರಡು ವರ್ಷ ಕೂತವ ನಾನು.
ನನ್ನ ಪಿಸುಮಾತು ಮೊದಲು, ನಟನ ಗರ್ಜನೆ ಆಮೇಲೆ,
ಹಾಗಂತ ಲೆಕ್ಕ. ನಿಜ ಹೇಳಲಾ?
ಕೊಳಂಬಕರ ವಿಠೋಬನಿಗೆ ನಾನು ಬೇಕಾದದ್ದು ಎರಡೇ ಸಲ.
ಒಮ್ಮೆ, ಅವನಪ್ಪನ ದೋಣಿ
ದೇವಗಡದ ದೀಪದಾಚೆ ಮಗುಚಿದ ರಾತ್ರಿ.
ಇನ್ನೊಂದು ಆಮೇಲೆ ಹೇಳುತ್ತೇನೆ.

ಕೋಡಿಬಾಗದ ಹುಡುಗ. ಬಲೆ ಎಳೆವಾಗ ಹಾಕಿದ ಕೂಗು
ಕಾಳಿ ನದಿ ದಾಟಿ ಸದಾಶಿವಗಡದ ಗುಡ್ಡಕ್ಕೆ ತಾಗಿ
ತಿರುಗಿ ಬರುತ್ತಿತ್ತಂತೆ. ಸುಳ್ಳಿರಬಹುದು,
ಮಂಡಳಿಯ ಮಾಲಕರು ನಂಬಿದರು.
ಮೊದಲು ಸೀರೆ ಉಡಿಸಿದರು: ಸೈರಂಧ್ರಿ.
ಕೆನ್ನೆಗೆ ಸಫೇತ, ಬೆರಳ ಸಂದಿಯಲ್ಲಿ ಬಂಗಡೆಯ ವಾಸನೆ.
ಅವನು ಅತ್ತಾಗ ಮಾಮಲೇದಾರರ ಹೆಂಡತಿ
ಸೆರಗು ಕಚ್ಚಿದ್ದನ್ನು ಸಂದಿಯಿಂದ ನಾನೇ ಕಂಡೆ.
ಮೀಸೆ ಬಂತು, ಅದೇ ನಾಟಕದಲ್ಲಿ ಕೀಚಕನಾದ.
ತಾನು ಉಟ್ಟ ಸೀರೆಯನ್ನೇ ಈಗ ಬೆನ್ನಟ್ಟಬೇಕು.
ಅಂಕೋಲೆಯಲ್ಲಿ ಕೀಚಕ ಸಾಯುವಾಗ ಯಾರೋ ಎದ್ದು
“ಸಾಕು ಮಾರಾಯ ಭೀಮ, ಬಿಡು ಅವನ” ಅಂದ.

ಆಮೇಲೆ ಮದ್ರಾಸು.
ಕಾಗದದ ಜೊತೆಗೇ ಹೊಸ ಹೆಸರೂ ಬಂತು, ಉದಯಚಂದ್ರ.
ಹುಬ್ಬಳ್ಳಿ ಬಸ್ಸಿನ ಮೇಲೆ ಟ್ರಂಕು ಕಟ್ಟಿಕೊಟ್ಟೆ.

ಮೊದಲ ಚಿತ್ರ ಊರಿಗೆ ಬಂದ ದಿನ
ನಾಲ್ಕಾಣೆ ಬೆಂಚಿನಲ್ಲಿ ಅವನ ಆಯಿ, ಪಕ್ಕದಲ್ಲಿ ನಾನು.
ಪರದೆಯ ಮೇಲೆ ಮಗ ಬಂದ, ಮೂರಾಳೆತ್ತರ,
ಕುದುರೆ ಇಳಿದ, ಯಾರೋ ತಾಯಿಯ ಕಾಲಿಗೆ ಬಿದ್ದ,
ಬಾಯಿ ತೆರೆದ.

ಬೇರೆ ಯಾರೋ ಮಾತಾಡಿದ.

ನುಣುಪು ದನಿ. ಬೆಣ್ಣೆ ಸವರಿದ ಮೈಸೂರಿನ ಮಾತು.
ಇವನ ಕನ್ನಡಕ್ಕೆ ಕೊಂಕಣಿಯ ಮೂಗಿದೆ ಎಂದು
ಸ್ಟುಡಿಯೋದವರು ಮುಖ ಇಟ್ಟುಕೊಂಡು
ಗಂಟಲು ವಾಪಸು ಮಾಡಿದ್ದರು.
ಮುದುಕಿ ನನ್ನ ಮೊಣಕೈ ಹಿಡಿದಳು:
“ಬೀರಣ್ಣಾ, ಪೋರನ ಗಂಟಲಿಗೆ ಏನಾಯ್ತಾ?”
ಸುತ್ತ ಶಿಳ್ಳೆ, ಪರದೆಗೆ ಬಡಿವ ಚಿಲ್ಲರೆ ಕಾಸು.
ಆಗ ನನ್ನ ಬಳಿ ಪುಸ್ತಕವಿರಲಿಲ್ಲ.

ಮೂವತ್ತೊಂದು ಚಿತ್ರ, ಅದೇ ಬಾಡಿಗೆ ದನಿ.
ಆ ದನಿಯವ ತೀರಿಕೊಂಡ ವರ್ಷ
ಇವನಿಗೂ ಕರೆ ನಿಂತಿತು.
ಯಾರದು ಯಾರ ಮರಣ ಎಂದು
ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.
ಬೈತಕೋಲದ ಐಸ್ ಕಾರ್ಖಾನೆಯಲ್ಲಿ ಲೆಕ್ಕ ಬರೆದ,
ಮಂಜುಗಡ್ಡೆ ಕದ್ದ ಹುಡುಗರನ್ನು
ಕಂದಪದ್ಯದಲ್ಲೇ ಬೈದ.

ಕೊನೆಗೆ ಸನ್ಮಾನ. ಶಾಲು, ನಾಲ್ಕು ಸೇಬು,
ಹೆಸರಿನಲ್ಲಿ ಒಂದಕ್ಷರ ತಪ್ಪಿದ ಫಲಕ.
“ಸಾರ್, ಆ ಡೈಲಾಗು! ಡೈಲಾಗು!”
ನಾನು ಪರದೆ ಪಕ್ಕ ನಿಂತಿದ್ದೆ, ಹಳೇ ಚಾಳಿ.
ಅವನು ತಿರುಗಿ ನನ್ನ ನೋಡಿದ.
ಇದೇ ಆ ಎರಡನೆಯ ಸಲ.
ಸಾಲು ಅವನಿಗೆ ಗೊತ್ತು, ಊರಿಗೇ ಗೊತ್ತು;
ಯಾವ ದನಿಯಲ್ಲಿ ಎಂದು ಕೇಳುತ್ತಿತ್ತು ಆ ಕಣ್ಣು.

ನಾನು ಪಿಸುಗುಟ್ಟಲಿಲ್ಲ.

ಅವನು ಎದೆ ತಗ್ಗಿಸಿದ, ಮೂಗು ಮರೆತ,
ಸತ್ತವನ ದನಿಯನ್ನು ಹಾಗೆಹಾಗೇ ಎತ್ತಿಕೊಂಡ.
ನುಣುಪು, ಬೆಣ್ಣೆ, ಮೈಸೂರು. ಉಸಿರು ತೆಗೆವ ಜಾಗವೂ ತಪ್ಪಲಿಲ್ಲ.
ಎಷ್ಟು ರಾತ್ರಿ ಕಲಿತಿದ್ದನೋ,
ಆ ಹಿಮದ ಕೋಣೆಯಲ್ಲಿ, ಮೀನುಗಳ ಮುಂದೆ.
ಸಭೆ ಎದ್ದು ನಿಂತಿತು.

ವಾಪಸು ರಿಕ್ಷಾದಲ್ಲಿ ಒಂದು ಸೇಬು ಕೊಟ್ಟ.
“ಹೇಂಗಿತ್ತಾ?” ಅಂದ, ಮೂಗಿನಲ್ಲೇ.
ಸಮ ಬಂತು ಅಂದೆ.
ಕೋಡಿಬಾಗದ ತಿರುವಿನಲ್ಲಿ ಗಾಡಿ ನಿಲ್ಲಿಸೆಂದ,
ಇಳಿಯಲಿಲ್ಲ, ನದಿಯ ಕಡೆ ಕಿವಿ ಕೊಟ್ಟು ಕೂತ.
ಈಗೆಲ್ಲ ಮೋಟಾರು ಬೋಟು, ಬಲೆಗೆ ಯಾರೂ ಕೂಗುವುದಿಲ್ಲ.
ಕಾದದ್ದಕ್ಕೆ ರಿಕ್ಷಾದವ
ಐದು ರೂಪಾಯಿ ಹೆಚ್ಚು ಕೇಳಿದ.
ನಾನೇ ಕೊಟ್ಟೆ.