ಏಳನೇ ನಂಬರಿನ ಕೋಣೆ, ಜುಬೈಲ್

ದೂಮಣ್ಣನ ಹಾಸಿಗೆ ಏಸಿಯ ಕೆಳಗೆ.
ಮೊದಲು ಅದು ಬರೀ ಗೊರಗೊರ ಎನ್ನುತ್ತಿತ್ತಂತೆ,
ರಂಜಾನ್ ಕಳೆದ ಮೇಲೆ ಹೆಸರು ಹಿಡಿದು ಕರೆಯತೊಡಗಿತು.
'ನೋಡು, ಬೂಟು ಹಾಕಿಕೊಂಡ.
ನೋಡು, ಈಗ ಕುಬೂಸ್ ಮುರಿದ.'
ಒಬ್ಬ ಹೇಳುತ್ತಾನೆ, ಇನ್ನೊಬ್ಬ ನಗುತ್ತಾನೆ.

ನಾವು ಆರು ಮಂದಿ ಕಿವಿಗೊಟ್ಟೆವು.
ಏಸಿ ಅಷ್ಟೇ. ಆಚೆ ಎಣ್ಣೆ ಕಾರ್ಖಾನೆಯ ಚಿಮಣಿ
ರಾತ್ರಿಯಿಡೀ ಉರಿಯುವ ಸದ್ದು.

ಸಾರಿನಲ್ಲಿ ವಿಷವಿದೆ ಎಂದ.
ನಾನೇ ಮೊದಲು ಉಂಡು ತೋರಿಸಿದೆ.
'ನಿನಗೆ ಏರುವುದಿಲ್ಲ ಅದು, ನನ್ನ ಹೆಸರಿಗೆ ಹಾಕಿದ್ದು.'
ಆಮೇಲೆ ಸ್ನಾನ ಬಿಟ್ಟ, ನಗು ಬಿಟ್ಟ,
ಮಗಳ ಕರೆ ಬಡಿದುಕೊಂಡು ಸುಮ್ಮನಾಗುವವರೆಗೆ
ಫೋನನ್ನೇ ನೋಡುತ್ತಾ ಕೂತ.

ಫೋರ್‌ಮನ್ ಅಂದ: ಬಿಸಿಲು.
ಪಠಾಣ ಡ್ರೈವರ್ ಅಂದ: ಜಿನ್ನ್.
ನಾನು ಲೆಕ್ಕ ಹಾಕಿದೆ: ವೀಸಾದ ಸಾಲ, ರಾತ್ರಿ ಪಾಳಿ,
ಬಾವಿಗೆ ಬಗ್ಗಿ ಹರಟುತ್ತಿದ್ದನೆಂದು
ಅವನೇ ಒಮ್ಮೆ ಹೇಳಿದ್ದ ಸೋದರಮಾವ.
ಸುಡಾನಿನ ಡಾಕ್ಟರಮ್ಮ ಹರಕು ಹಿಂದಿಯಲ್ಲಿ ಎಲ್ಲ ಕೇಳಿ
'ಸ್ವಲ್ಪ ಅದು, ಸ್ವಲ್ಪ ಇದು. ಪೂರ್ತಿ ನಮಗೂ ಗೊತ್ತಿಲ್ಲ' ಎಂದಳು.
ಗೊತ್ತಿಲ್ಲ ಎಂದವಳನ್ನೇ ನಂಬಿದೆ.

ಮಾತ್ರೆಗೆ ಈಗ ಐದು ವಾರ.
ಕೈ ನಡುಗುತ್ತದೆ, ಬಾಯಿ ಒಣಗುತ್ತದೆ,
ತಟ್ಟೆ ಖಾಲಿಯಾಗುತ್ತದೆ.
'ಇನ್ನೂ ಮಾತಾಡ್ತಾರೇನು?'
'ಕಡಿಮೆ. ದೂರದಿಂದ.'
'ಚಲೋ ಆತಲ್ಲ!'
ಅವನು ಏಸಿಯ ಕಡೆ ನೋಡಿದ.
'ಬೈತಿದ್ರು, ನಿಜ. ಆದ್ರೆ ತುಳುವಿನಲ್ಲಿ.
ಈ ಕ್ಯಾಂಪಿನಲ್ಲಿ ಬೇರೆ ಯಾರಿದ್ದಾರೆ ಮಾರಾಯ,
ತುಳು ಬರುವವರು?'

ನಾನು ರೋಣದ ಕಡೆಯವನು.
ಮಾತ್ರೆಯ ಜೊತೆ ಲೋಟ ಕೊಟ್ಟು ಕೇಳಿದೆ,
ನಿಮ್ಮಲ್ಲಿ ಇದಕ್ಕೆ ಏನಂತೀರಿ?
'ನೀರ್' ಅಂದ.
ಅಷ್ಟೇನಾ?
'ಅಷ್ಟೇ.'